ಕ್ಯಾರಿಯರ್ ಮೇಲೆ ಕೂತವನ ವಾದ

ನಮ್ಮ ಮನೆಯಲ್ಲಿ ಈ ಸಂಗತಿಯನ್ನು ಎರಡು ಥರ ಹೇಳುತ್ತಾರೆ. ಅಮ್ಮನ ಪ್ರಕಾರ ನಾನು ತ್ಯಾಗಮೂರ್ತಿ: ಗೆಳೆಯನ ಮನೆ ಕಷ್ಟ ನೋಡಲಾರದೆ, ಕೈಗೆ ಬಂದಿದ್ದ ಜಾಗವನ್ನು ಅವನಿಗೆ ಬಿಟ್ಟುಕೊಟ್ಟೆ. ಅಪ್ಪನ ತಂಗಿ, ಅಂದರೆ ನಮ್ಮ ಅತ್ತೆಯ ಪ್ರಕಾರ ನಾನು ಪೆದ್ದ: ಜೊತೆಗೆ ಕರೆದುಕೊಂಡು ಹೋದವನೇ ನನ್ನ ಕಣ್ಣೆದುರು ಅದನ್ನು ಹೊಡೆದುಕೊಂಡ. ಮದುವೆಮನೆಗಳಲ್ಲಿ ಕೇಳುವವರು ಯಾರು ಎನ್ನುವುದರ ಮೇಲೆ ಇವೆರಡರಲ್ಲೊಂದು ಓಡುತ್ತದೆ.

ಎರಡಕ್ಕೂ ನನ್ನ ತಕರಾರಿದೆ. ಮೊದಲನೆಯದಾಗಿ, ಗೆಳೆಯನ ಮನೆಯಲ್ಲಿ ಕಷ್ಟವೇ ಇರಲಿಲ್ಲ. ನಮಗಿಂತ ಚೆನ್ನಾಗಿ ಉಣ್ಣುತ್ತಿದ್ದರು. ಎರಡನೆಯದಾಗಿ, ಪಟ್ಟೆಪಟ್ಟೆ ಚಡ್ಡಿಯಲ್ಲಿ ಸೈಕಲ್ ಮೇಲೆ ಕೂತು ಬಂದವನು ಒಳಸಂಚು ಮಾಡಿದ ಎಂದರೆ ಯಾವ ನ್ಯಾಯಾಧೀಶರೂ ನಂಬುವುದಿಲ್ಲ. ಮೂರನೆಯದಾಗಿ, ಮತ್ತು ನನಗೆ ಸಿಟ್ಟು ಬರುವುದು ಇದಕ್ಕೇ, ಎರಡು ಕಥೆಗಳೂ ಆ ದಿನವನ್ನೇ ಬಿಟ್ಟುಬಿಡುತ್ತವೆ. ಕೇಳಿದವರು ಲೊಚಗುಟ್ಟುತ್ತಾರೆ. ಲೊಚಗುಟ್ಟುವಂಥದ್ದು ಏನಾಯಿತು ಸ್ವಾಮಿ? ಅಷ್ಟು ನಕ್ಕ ದಿನ ನನ್ನ ನೆನಪಿನಲ್ಲಿ ಮತ್ತೊಂದಿಲ್ಲ.

ಆಗ ಅರವತ್ತರ ದಶಕ ಶುರುವಾಗಿತ್ತಷ್ಟೆ. ನಾನು ಬಿ.ಎಸ್ಸಿ. ಮುಗಿಸಿ, ಶಿವಮೊಗ್ಗದ ಗಾಂಧಿ ಬಜಾರಿನ ನಮ್ಮ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ನಿಂತಿದ್ದೆ. ಅಪ್ಪಾಜಿಗೆ ನಾನು ಅಲ್ಲಿ ನಿಲ್ಲುವುದು ಇಷ್ಟವಿರಲಿಲ್ಲ, ಯಾಕೆಂದರೆ ನಾನು ಗಿರಾಕಿಗಳ ಜೊತೆ ವಾದಕ್ಕಿಳಿಯುತ್ತಿದ್ದೆ. "ಬಣ್ಣ ಹೋಗುತ್ತೇನಪ್ಪ?" ಎಂದು ಕೇಳಿದ ಹೆಂಗಸಿಗೆ "ಹೋಗದೇ ಇರೋ ಬಣ್ಣ ಅಂತ ಒಂದು ಇದ್ಯಾ ಅಮ್ಮ? ಯೋಚನೆ ಮಾಡಿ" ಎಂದಿದ್ದೆ. ಆಕೆ ಯೋಚನೆ ಮಾಡಿ ಎದುರಿನ ಅಂಗಡಿಗೆ ಹೋದರು.

ಭದ್ರಾವತಿಯಲ್ಲಿ ನಮ್ಮ ಸೋದರಮಾವನದೊಂದು ಎರಕದ ಶೆಡ್ಡಿತ್ತು. ಆ ಊರಿನ ದೊಡ್ಡ ಕಬ್ಬಿಣದ ಕಾರ್ಖಾನೆಯ ಮುಂದೆ ಅದು ಇರುವೆಯ ಹಾಗೆ. ಆದರೂ ಅಲ್ಲೂ ಕಬ್ಬಿಣ ಕರಗುತ್ತಿತ್ತು. ಕರಗಿದ್ದನ್ನು ಮರಳಿನ ಅಚ್ಚಿಗೆ ಹೊಯ್ದು ಕಬ್ಬಿನ ಗಾಣದ ಉರುಳೆ, ಹಲ್ಲುಚಕ್ರ ಮಾಡುತ್ತಿದ್ದರು. ಮಾವನಿಗೆ ಮಕ್ಕಳಿರಲಿಲ್ಲ. "ಓದಿದವನೊಬ್ಬ ನನ್ನ ಜೊತೆಗಿರಬೇಕು. ಮುಂದೆ ಶೆಡ್ಡು ಅವನದೇ. ಬರೋ ಭಾನುವಾರ ನಿನ್ನ ಮಗ ಬಂದು ಹೂಂ ಅಥವಾ ಊಹೂಂ ಅಂತ ಬಾಯಿಬಿಟ್ಟು ಹೇಳ್ಲಿ. ಊಹೂಂ ಅಂದ್ರೆ ಬೇರೆಯವರನ್ನ ನೋಡ್ತೀನಿ" ಎಂದು ಅಮ್ಮನಿಗೆ ಹೇಳಿಕಳಿಸಿದ್ದರು. ಶೆಡ್ಡಿನ ಮೂಲೆಯಲ್ಲಿ ನನಗೋಸ್ಕರ ಒಂದು ಮೇಜನ್ನೂ ಆಗಲೇ ಹಾಕಿಸಿದ್ದರಂತೆ.

ಇಡೀ ಜೀವನ ಎಲ್ಲಿ, ಏನು ಮಾಡಿಕೊಂಡು ಕಳೆಯುವುದು ಎನ್ನುವ ಪ್ರಶ್ನೆ. ಉತ್ತರ ಒಂದೇ ಶಬ್ದದಲ್ಲಿ ಬೇಕು. ನನ್ನ ಕಷ್ಟ ಏನೆಂದರೆ, ಹೂಂ ಎಂದೂ ನಾನು ಗೆಲ್ಲಬಲ್ಲೆ, ಊಹೂಂ ಎಂದೂ ಗೆಲ್ಲಬಲ್ಲೆ. ಕಾಲೇಜಿನಲ್ಲಿ ಕಲಿತದ್ದೇ ಅದು. ಚರ್ಚಾಸ್ಪರ್ಧೆಯಲ್ಲಿ ನಾವು ಚೀಟಿ ಎತ್ತುತ್ತಿದ್ದೆವು; ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಒಂದು ವಾರ "ಯಂತ್ರ ಮನುಷ್ಯನ ಶತ್ರು" ಎಂದು ಮೇಜು ಗುದ್ದಿದ ಕೈ ಮುಂದಿನ ವಾರ "ಮಿತ್ರ" ಎಂದು ಅದೇ ಮೇಜನ್ನು ಗುದ್ದುತ್ತಿತ್ತು. ಹೀಗೆ ನನ್ನೆದುರು ಮೇಜು ಗುದ್ದುತ್ತಿದ್ದವನೇ ಈ ಕಥೆಯ ಗೆಳೆಯ. ಹೊಳೆಹೊನ್ನೂರು ಕಡೆಯ ಒಕ್ಕಲು ಮನೆಯವನು; ಭತ್ತ, ಕಬ್ಬು, ಎಮ್ಮೆ, ದೊಡ್ಡ ಗಂಟಲು. ಅವನನ್ನು ನಾನು ಕರೆಯುತ್ತಿದ್ದುದು ಪ್ರತಿಪಕ್ಷ ಎಂದು. ಇಲ್ಲೂ ಹಾಗೇ ಕರೆಯುತ್ತೇನೆ.

"ಇದಕ್ಯಾಕೆ ತಲೆ ಕೆಡಿಸ್ಕೊಳ್ತೀಯ ಮಾರಾಯ? ಚರ್ಚೆಗೆ ಹಾಕೋಣ" ಎಂದ ಪ್ರತಿಪಕ್ಷ. "ಸೈಕಲ್ ಮೇಲೆ ಹೋಗೋಣ. ಭದ್ರಾವತಿ ಮುಟ್ಟೋದ್ರೊಳಗೆ ನಿನ್ನ ಜೀವನದ ಗುರಿ ತೀರ್ಮಾನ ಆಗಿರುತ್ತೆ."

ಬಾಡಿಗೆ ಸೈಕಲ್ ಒಂದೇ ಸಿಕ್ಕಿತು. ಅದರಿಂದ ಒಂದು ನಿಯಮ ತಾನಾಗಿ ಹುಟ್ಟಿತು: ತುಳಿಯುವವನಿಗೆ ಉಸಿರಿರುವುದಿಲ್ಲ, ಆದ್ದರಿಂದ ಕ್ಯಾರಿಯರ್ ಮೇಲೆ ಕೂತವನು ಮಾತಾಡಬೇಕು. ಚೀಟಿ ಎತ್ತಿದೆವು. ನನಗೆ ವಿರೋಧ. ನಿದಿಗೆ ಕೆರೆಯ ತನಕ ಅವನು ತುಳಿಯುವುದು, ನಾನು ಶೆಡ್ಡು ಬೇಡ ಎಂದು ವಾದಿಸುವುದು. ಅಲ್ಲಿಂದ ಮುಂದೆ ನಾನು ತುಳಿಯುವುದು, ಅವನು ಬೇಕು ಎಂದು ವಾದಿಸುವುದು.

ಸಂಕ್ರಾಂತಿ ಕಳೆದ ಮೇಲಿನ ಚಳಿ. ಅಮ್ಮ ಹಣೆಗೆ ವಿಭೂತಿ ಇಟ್ಟು, ಅಕ್ಕಿರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟು, "ಮಾವನ ಹತ್ರ ವಾದ ಮಾಡಬೇಡ, ಹೂಂ ಅನ್ನು ಸಾಕು" ಎಂದರು. ಜೋಡಿ ಸವಾರಿಗೆ ಪೊಲೀಸಿನವರು ಹಿಡಿಯುತ್ತಾರೆಂದು ಹೊಳೆ ಸೇತುವೆಯ ತನಕ ಸೈಕಲ್ಲನ್ನು ತಳ್ಳಿಕೊಂಡೇ ಹೋದೆವು. ತುಂಗೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೆಳಗೆ ನದಿಯಿದೆ ಎನ್ನುವುದಕ್ಕೆ ಬಟ್ಟೆ ಒಗೆಯುವ ಸದ್ದೊಂದೇ ಸಾಕ್ಷಿ. ಸೇತುವೆ ದಾಟಿ, ಕಾಲೇಜಿನ ಮುಂದೆ ನಾನು ಕ್ಯಾರಿಯರ್ ಹತ್ತಿದೆ. ಹತ್ತಿದವನು ಹಿಮ್ಮುಖವಾಗಿ ಕೂತೆ.

ಹಿಮ್ಮುಖವಾಗಿ ಕೂತು ಪ್ರಯಾಣ ಮಾಡಿ ನೋಡಿ. ಎಲ್ಲರಿಗೂ ರಸ್ತೆ ಎದುರಿನಿಂದ ಬರುತ್ತದೆ. ನನಗೆ ನನ್ನ ಕಾಲಡಿಯಿಂದ ಬಿಚ್ಚಿಕೊಂಡು ಹೋಗುತ್ತಿತ್ತು. ಯಾವುದೂ ಹೇಳಿ ಕೇಳಿ ಬರುವುದಿಲ್ಲ. ಪಕ್ಕದಲ್ಲಿ ಧುತ್ತೆಂದು ಹುಣಸೆಮರ ಹುಟ್ಟುತ್ತದೆ, ಹುಟ್ಟಿ ಚಿಕ್ಕದಾಗುತ್ತದೆ. ಎಮ್ಮೆಯೊಂದು ಹುಟ್ಟಿತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರ ಸಾಲು ಹುಟ್ಟಿತು. ನನ್ನ ಮುಖ ತಮ್ಮ ಕಡೆಗೇ ಇದ್ದದ್ದು ನೋಡಿ ಅವರು ನಗತೊಡಗಿದರು, ಮಂಜಿನಲ್ಲಿ ಕರಗುವ ತನಕ ನಗುತ್ತಲೇ ಇದ್ದರು.

"ವಾದ!" ಎಂದು ಮುಂದಿನಿಂದ ಕೂಗಿದ ಪ್ರತಿಪಕ್ಷ, ಏದುಸಿರು ಬಿಡುತ್ತ.

"ಮೊದಲನೆಯದಾಗಿ," ಎಂದೆ, "ಮನುಷ್ಯ ಹುಟ್ಟಿರುವುದು ಒಂದೇ ಶೆಡ್ಡಿನೊಳಗೆ ಸಾಯಲಿಕ್ಕಲ್ಲ. ಎರಡನೆಯದಾಗಿ... ಏ, ಅಲ್ನೋಡು! ಗಿಳಿ, ಗಿಳಿ!"

"ಎಲ್ಲಿ? ನಾನು ಮುಂದೆ ನೋಡ್ಬೇಕೋ ಹಿಂದೆ ನೋಡ್ಬೇಕೋ? ವಿಷಯಕ್ಕೆ ಬಾ."

"ಎರಡನೆಯದಾಗಿ, ಸ್ವಾತಂತ್ರ್ಯ ಅನ್ನೋದು... ಅಯ್ಯೋ, ಆ ನಾಯಿ ನೋಡೋ, ಗಾಡಿ ಕೆಳಗೆ ನೆರಳಲ್ಲಿ ನಡೀತಾ ಬರ್ತಿದೆ! ಬಿಸಿಲೇ ಇಲ್ಲ, ಅದಕ್ಕೆ ನೆರಳು ಯಾಕೆ ಬೇಕು?"

ಅದು ಕಬ್ಬಿನ ಗಾಡಿ. ನಾವು ದಾಟುತ್ತಿದ್ದ ಹಾಗೇ ಹಿಂದೆ ಇಳಿಬಿದ್ದಿದ್ದ ಒಂದು ಜಲ್ಲೆಗೆ ಕೈ ಹಾಕಿ ಎಳೆದೆ. ಅದು ಬರಲಿಲ್ಲ. ನಾನೂ ಬಿಡಲಿಲ್ಲ. ಸೈಕಲ್ ಮುಂದೆ, ನಾನು ಕಬ್ಬಿಗೆ ಜೋತು ಹಿಂದೆ. ಕಂಬಳಿ ಹೊದ್ದು ಕೂತಿದ್ದ ಗಾಡಿಯವನು ನಿದ್ದೆಹೋಗಿದ್ದಾನೆ ಎಂದುಕೊಂಡಿದ್ದು ನನ್ನ ತಪ್ಪು. ತಿರುಗಿ ನೋಡದೆಯೇ ಹೇಳಿದ: "ಎಳೀರಿ ಎಳೀರಿ. ಹಾಗೇ ಮುಂದೆ ಬಂದು ಎತ್ತಿಗೂ ಒಂಚೂರು ಕೈ ಕೊಡ್ರಪ್ಪ, ಅವಕ್ಕೂ ಸಾಕಾಗೈತೆ."

ನಾನು ರಸ್ತೆಯ ಮೇಲೆ ಕುಂಡಿ ಊರಿ ಕೂತಿದ್ದೆ. ಕೈಯಲ್ಲಿ ಜಲ್ಲೆ ಇತ್ತು. ಪ್ರತಿಪಕ್ಷ ಭಾರ ಕಡಿಮೆಯಾದದ್ದೂ ಗೊತ್ತಾಗದೆ ಅಷ್ಟು ದೂರ ತುಳಿದುಕೊಂಡು ಹೋಗಿ, "ಮೂರನೆಯದಾಗಿ ಏನು?" ಎಂದು ಗಾಳಿಯನ್ನು ಕೇಳುತ್ತಿದ್ದ.

ನಿದಿಗೆ ಕೆರೆಯ ಏರಿಯ ಮೇಲೆ ಬರುವ ಹೊತ್ತಿಗೆ ಮಂಜು ಎದ್ದಿತು. ಎದ್ದಿತು ಎಂದರೆ ಯಾರೋ ಹಾಸಿಗೆ ಕೊಡವಿದ ಹಾಗೆ, ಒಂದೇ ಸಲಕ್ಕೆ. ಕೆಳಗೆ ಅಷ್ಟಗಲ ನೀರು, ನೀರಿನ ಅಂಚಿಗೆ ತಾವರೆ, ಆಚೆ ಗದ್ದೆ. ಬೊಡ್ಡೆಯೊಂದರ ಮೇಲೆ ನೀರುಕಾಗೆ ರೆಕ್ಕೆಗಳನ್ನು ಅಗಲಿಸಿಕೊಂಡು ಕಪ್ಪು ಗೌನಿನ ವಕೀಲರ ಹಾಗೆ ನಿಂತಿತ್ತು. ಅದನ್ನೇ ಸಭೆಯ ಅಧ್ಯಕ್ಷರನ್ನಾಗಿ ಮಾಡಿ, ಅದರ ಮುಂದೆ ಕೂತು ರೊಟ್ಟಿ ಬಿಚ್ಚಿದೆವು.

"ಮಾನ್ಯ ಅಧ್ಯಕ್ಷರೇ," ಎಂದ ಪ್ರತಿಪಕ್ಷ, ಬಾಯ್ತುಂಬ ರೊಟ್ಟಿ. "ವಿರೋಧ ಪಕ್ಷದವರು ಇಲ್ಲೀ ತನಕ ಒಂದು ವಾದನೂ ಪೂರ್ತಿ ಮಾಡಿಲ್ಲ. ಬರೀ ಅಲ್ನೋಡು, ಅಲ್ನೋಡು. ಅಲ್ನೋಡು ಅನ್ನೋದು ವಾದ ಅಲ್ಲ."

"ಯಾಕಲ್ಲ?" ಎಂದೆ.

"ಅದರಿಂದ ಏನು ಸಾಧಿಸಿದ ಹಾಗಾಯ್ತು?"

"ಏನನ್ನಾದ್ರೂ ಸಾಧಿಸಲೇಬೇಕು ಅಂತ ನೀನು ಮೊದಲೇ ಇಟ್ಕೊಂಡಿದ್ದೀಯ. ಅದನ್ನೇ ಮೊದಲು ಸಾಧಿಸು ನೋಡೋಣ."

ಅಧ್ಯಕ್ಷರು ಇದಕ್ಕೆ ನೀರಿನಲ್ಲಿ ಮುಳುಗಿದರು. ನಾನು ಗೆದ್ದೆನೆಂದು ಕುಣಿದೆ. ಆದರೆ ನಿಜ ಹೇಳಬೇಕೆಂದರೆ, ಆ ಮಾತು ಬಾಯಿಂದ ಬಿದ್ದ ಮೇಲೆ ಅದು ನನ್ನದೇ ಮಾತು ಎನ್ನಿಸಿತು. ಅಲ್ಲಿಯ ತನಕ ನಾನಾಡಿದ ಯಾವ ವಾದದ ಕೊನೆಯಲ್ಲೂ ನನಗೆ ಹಾಗೆ ಅನ್ನಿಸಿರಲಿಲ್ಲ. ಚೀಟಿಯಲ್ಲಿ ಬಂದದ್ದಕ್ಕೆ ಆಡಿದ ಮಾತು ಅದಾಗಿರಲಿಲ್ಲ. ಹಸಿವು ತೀರಿದೆ, ಬಿಸಿಲು ಬೆನ್ನಿಗೆ ಬೀಳುತ್ತಿದೆ, ಮುಂದೆ ಇನ್ನೂ ಅರ್ಧ ದಾರಿ ಇದೆ. ಇದಕ್ಕಿಂತ ಹೆಚ್ಚಿಗೆ ಏನು ಬೇಕು ಅಂತ ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಜೀವನದ ಗುರಿ ಎನ್ನುವ ಮಾತು ಬಂದಾಗಲೆಲ್ಲ ನಮ್ಮ ಉಪನ್ಯಾಸಕರು ಬೆರಳನ್ನು ಮೇಲಕ್ಕೆ ತೋರಿಸುತ್ತಿದ್ದರು. ಆವತ್ತು ಅದು ಪಕ್ಕದಲ್ಲೇ ಚಪ್ಪಲಿ ಬಿಚ್ಚಿ ಕೂತಿದೆ ಎನ್ನಿಸಿತು. ಈ ಮಾತಿಗೆ ಆಧಾರವೇನು ಎಂದು ಕೇಳಿದರೆ ನನ್ನ ಹತ್ತಿರ ಇಲ್ಲ. ಆಧಾರವಿಲ್ಲದೆ ನಾನು ಒಪ್ಪಿಕೊಂಡ ಮೊದಲ ಸಂಗತಿ ಅದು.

ಅಷ್ಟರಲ್ಲಿ ಪ್ರತಿಪಕ್ಷ ತಾವರೆ ಕೀಳುತ್ತೇನೆಂದು ಇಳಿದ. "ಕೆಸರಿದೆಯೋ" ಎಂದೆ. "ಒಕ್ಕಲು ಮಗನಿಗೆ ಕೆಸರಿನ ಪಾಠ ಹೇಳ್ತೀಯ?" ಎಂದ, ಎಂದವನೇ ಸೊಂಟದ ತನಕ ಮಾಯವಾದ. ನಾನು ಕೈ ಕೊಡಬೇಕಿತ್ತು. ನಗು ಹತ್ತಿ ಕೈಯೇ ಏಳಲಿಲ್ಲ. ಮೇಲೆ ಬಂದ ಮೇಲೆ ಪ್ಯಾಂಟನ್ನು ತೊಳೆದು, ಹಿಂಡಿ, ಹ್ಯಾಂಡಲ್ಲಿಗೆ ಕಟ್ಟಿದೆವು. ಹೀಗೆ ದ್ವಿತೀಯಾರ್ಧ ಶುರುವಾಯಿತು: ನಾನು ತುಳಿಯುವುದು, ಪ್ಯಾಂಟು ಬಾವುಟದ ಹಾಗೆ ಹಾರುವುದು, ಪಟ್ಟೆಪಟ್ಟೆ ಚಡ್ಡಿಯ ಪ್ರತಿಪಕ್ಷ ಕ್ಯಾರಿಯರ್ ಮೇಲೆ ಕೂತು ಶೆಡ್ಡಿನ ಪರವಾಗಿ ಭಾಷಣ ಮಾಡುವುದು.

ಭಾಷಣ ಚೆನ್ನಾಗಿತ್ತು. ಅಸೂಯೆಯಾಗುವಷ್ಟು ಚೆನ್ನಾಗಿತ್ತು. ತಮ್ಮ ಊರ ಆಲೆಮನೆಯಲ್ಲಿ ಗಾಣದ ಹಲ್ಲು ಮುರಿದ ವರ್ಷ ಏನಾಯಿತೆಂದು ಹೇಳಿದ: ಕಡಿದ ಕಬ್ಬು ಒಣಗುತ್ತ ಬಿದ್ದಿದೆ, ಅವರಪ್ಪ ಆ ಮುರಿದ ಚಕ್ರವನ್ನು ಮಗುವಿನ ಹಾಗೆ ಎತ್ತಿಕೊಂಡು ಊರೂರು ತಿರುಗುತ್ತಿದ್ದಾರೆ. "ಹಾಗೆ ಬಂದವರಿಗೆ, ತಗೊಳ್ಳಿ ಹೊಸದು ಅಂತ ಕೊಡೋನು ಒಬ್ಬ ಬೇಕಲ್ಲ ಮಾರಾಯ? ಅದಕ್ಕಿಂತ ಗುರಿ ಬೇಕಾ?" ಏರು ರಸ್ತೆ, ನಾನು ಎದ್ದು ನಿಂತು ತುಳಿದೆ.

ಮಾಚೇನಹಳ್ಳಿ ದಾಟುತ್ತಲೇ ಭದ್ರಾವತಿಯ ಚಿಮಣಿಗಳು ಕಾಣಿಸಿದವು. ಊರು ಹತ್ತಿರ ಬಂತೆಂದು ಒದ್ದೆ ಪ್ಯಾಂಟನ್ನೇ ಏರಿಸಿಕೊಂಡ. ಕಾರ್ಖಾನೆಯ ಕಡೆಯ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು ಒಟ್ಟಿಗೇ ಕೇಳಿಸುತ್ತಿದ್ದವು. ದಾರಿ ಕೇಳಿದರೆ ಮೂರರಲ್ಲೂ ಒಂದೊಂದು ದಿಕ್ಕು ತೋರಿಸಿದರು. ಮೂರೂ ಕಡೆ ಹೋಗಿ ಶೆಡ್ಡು ಮುಟ್ಟಿದೆವು.

ಭಾನುವಾರವಾದರೂ ಆವತ್ತು ಎರಕ ಹೊಯ್ಯುವ ದಿನ. ಮಾವ ಮಣ್ಣು ಮೆತ್ತಿದ ಬನಿಯನ್ನಿನಲ್ಲಿ ಕುಲುಮೆಯ ಮುಂದೆ ನಿಂತಿದ್ದರು. "ಬಂದ್ಯಾ? ಇರು, ಹೊಯ್ದು ಬರ್ತೀನಿ. ಇವನ್ಯಾಕೆ ಒದ್ದೆಯಾಗಿದ್ದಾನೆ?"

"ಕೆರೇಲಿ ಬಿದ್ದ ಮಾವ."

"ಬಾರಪ್ಪ, ಬೆಂಕಿ ಹತ್ರ ನಿಂತ್ಕೋ, ಒಣಗುತ್ತೆ. ನೆಲದ ಮೇಲೆ ಎಳೆದಿರೋ ಗೆರೆ ದಾಟಬೇಡ."

ಕುಲುಮೆಯ ಬಾಯಿ ತೆಗೆದರು. ಕಿತ್ತಳೆ ಬಣ್ಣದ ಕಬ್ಬಿಣ ನೀರಿನ ಹಾಗೆ ಇಳಿಯಿತು. ಇಬ್ಬಿಬ್ಬರು ಹಿಡಿದ ಪಾತ್ರೆಗಳಲ್ಲಿ ಅದನ್ನು ತಂದು ಅಚ್ಚುಗಳಿಗೆ ಸುರಿಯುತ್ತಿದ್ದರು. ನೆಲದ ತುಂಬ ಕಿಡಿ. ನಾನು ಅಲ್ನೋಡು ಎನ್ನಲು ತಿರುಗಿದರೆ ಪ್ರತಿಪಕ್ಷ ಆಗಲೇ ನೋಡುತ್ತಿದ್ದ, ಬಾಯಿ ತೆರೆದು. ಅವನ ಪ್ಯಾಂಟಿನಿಂದ ಬುಸುಬುಸು ಆವಿ ಏಳುತ್ತಿತ್ತು.

ಹೊಯ್ದು ಮುಗಿದ ಮೇಲೆ ಮಾವ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಸರಿ, ಏನು ಮಾತಾಡ್ಕೊಂಡು ಬಂದ್ರಿ?" ಎಂದು ಇಬ್ಬರನ್ನೂ ಸೇರಿಸಿ ಕೇಳಿದರು. ಇಲ್ಲಿ ನಡೆದದ್ದು ಚರ್ಚಾಪಟುಗಳು ಮಾತ್ರ ಮಾಡಬಹುದಾದ ತಪ್ಪು. ನಾನು ಬಾಯಿ ತೆರೆಯುವ ಮೊದಲೇ ಪ್ರತಿಪಕ್ಷ ಶುರು ಮಾಡಿದ. ಅವನಿಗಿನ್ನೂ ತನ್ನ ಸರದಿ ಮುಗಿದಿರಲಿಲ್ಲ. ಆಲೆಮನೆ, ಮುರಿದ ಹಲ್ಲು, ಎತ್ತಿಕೊಂಡು ತಿರುಗಿದ ಅಪ್ಪ, ಎಲ್ಲ ಬಂತು. ಕೈ ಬೀಸಿ, ಆವಿ ಬಿಡುತ್ತ, ಕ್ಯಾರಿಯರ್ ಮೇಲೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ. ಪಾತ್ರೆ ಹಿಡಿದಿದ್ದವರೂ ನಿಂತು ಕೇಳಿದರು. ಪರ, ವಿರೋಧ, ಚೀಟಿ ಇವು ಯಾವುದೂ ಮಾವನಿಗೆ ಗೊತ್ತಿಲ್ಲ. ಒಬ್ಬ ಮನುಷ್ಯ ಒಂದು ಮಾತು ಹೇಳಿದರೆ ಅದು ಅವನ ಮಾತು ಎಂದೇ ನಂಬುವ ಜನ ಅವರು.

"ನಿನಗೆ ಇಷ್ಟು ಆಸೆ ಇದ್ಯೇನಪ್ಪ?" ಎಂದರು ಮೆತ್ತಗೆ.

ಪ್ರತಿಪಕ್ಷ ಬೀಸುತ್ತಿದ್ದ ಕೈ ಇಳಿಸಿದ. ಇದು ನನ್ನ ಮಾತಲ್ಲ, ಚೀಟಿಯಲ್ಲಿ ಬಂದದ್ದು ಎಂದು ಹೇಳುತ್ತಾನೆ, ಎಲ್ಲರೂ ನಗುತ್ತೇವೆ ಎಂದು ಕಾದೆ. ಅವನು ಅಚ್ಚುಗಳ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಬೀಳುವ ಮೊದಲು ಕೆಸರನ್ನು ನೋಡಿದ್ದ ಮುಖವೇ ಅದು.

"ಇದೆ," ಎಂದ. ಆಮೇಲೆ ನನಗೆ, "ನಾನು ಬೇಕಂತ ಮಾಡಿದ್ದಲ್ಲ ಮಾರಾಯ. ಹೇಳ್ತಾ ಹೇಳ್ತಾ ನನಗೇ ಹೌದು ಅನ್ನಿಸ್ಬಿಡ್ತು."

ನನಗೆ ಎಲ್ಲಿತ್ತೋ ನಗು, ಮರಳಿನ ರಾಶಿಯ ಮೇಲೆ ಕೂತು ನಕ್ಕೆ. ಇಷ್ಟು ವರ್ಷ ನನ್ನೆದುರು ಮೇಜು ಗುದ್ದಿದವನು ಕೊನೆಗೆ ತನ್ನ ವಾದಕ್ಕೇ ಸೋತಿದ್ದ! ಅತ್ತೆಯವರು ಹೊಡೆದುಕೊಂಡ ಎನ್ನುವುದು ಇದನ್ನೇ. ಅಮ್ಮ ತ್ಯಾಗ ಎನ್ನುವುದು ನನ್ನ ಆ ನಗುವನ್ನು. ಅವನು ಈಗಲೂ ಅಲ್ಲೇ ಇದ್ದಾನೆ. ಕೂದಲಿನ ತುಂಬ ಮರಳು, ಹಿಂದಿನದಕ್ಕಿಂತ ದೊಡ್ಡ ಗಂಟಲು. ನನಗೆಂದು ಹಾಕಿಸಿದ್ದ ಮೇಜನ್ನು ದಿನವೂ ಗುದ್ದುತ್ತಾನಂತೆ. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ, ರಜೆ ಬಂದರೆ ಹೊರಡುತ್ತೇನೆ. ಎಲ್ಲಿಗೆ ಎಂದು ಕೇಳುವವರಿಗೆ ಹೇಳಲು ಇವತ್ತಿಗೂ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ.

ಆದರೆ ಆವತ್ತು ನನ್ನ ಬಾಯಿಂದ ಇನ್ನೂ ಒಂದು ಶಬ್ದ ಬರಬೇಕಿತ್ತು. ಸಂಜೆ ಬಿಸಿಲಿರುವಾಗಲೇ ಮಾವ ನನ್ನೊಬ್ಬನನ್ನು ಭದ್ರಾ ಹೊಳೆಗೆ ಕರೆದುಕೊಂಡು ಹೋದರು. ಮೊಣಕೈ ತನಕ ಮರಳು ಹಚ್ಚಿ ಉಜ್ಜುತ್ತ, ನನ್ನ ಕಡೆ ನೋಡದೆ ಕೇಳಿದರು: "ಅವನದ್ದು ಗೊತ್ತಾಯ್ತು. ನಿನ್ನದು ಹೇಳು. ನೀನು ಹೂಂ ಅಂದ್ರೆ ಇಬ್ಬರೂ ಇರಿ, ನನಗೇನು. ಅವನಿಗೋಸ್ಕರ ಅಂತ ನೀನು ಹಿಂದೆ ಸರಿಯೋದು ಬೇಡ."

"ಊಹೂಂ ಮಾವ. ಅವನಿಗೋಸ್ಕರ ಅಲ್ಲ."

"ಕಾರಣ?"

ಮೊದಲನೆಯದಾಗಿ ಎಂದು ಶುರು ಮಾಡಿದೆ. ಮುಂದಿನದು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಬರಲಿಲ್ಲ. ಅದಕ್ಕೆ ಸುಮ್ಮನೆ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದೆ: ಮಂಜು, ಹಿಮ್ಮುಖವಾಗಿ ಕೂತದ್ದು, ಹುಲ್ಲು ಹೊತ್ತ ಹೆಂಗಸರು, ಗಾಡಿಯವನು, ಕೆರೆ, ವಕೀಲರ ಹಾಗೆ ನಿಂತ ಹಕ್ಕಿ. "ಇವತ್ತು ಇದ್ದ ಹಾಗೆ ಇರಬೇಕು ಅನ್ನಿಸಿದೆ ಮಾವ. ಇದು ಕಾರಣ ಹೌದೋ ಅಲ್ವೋ ನನಗೆ ಗೊತ್ತಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಉಜ್ಜುವುದನ್ನು ನಿಲ್ಲಿಸಿದ್ದರು.

"ಆ ಕೆರೇಲಿ ಅಷ್ಟೊಂದು ತಾವರೆ ಇದ್ಯಾ?" ಎಂದರು. "ವಾರಕ್ಕೊಂದ್ಸಲ ಅದೇ ರಸ್ತೇಲಿ ಓಡಾಡ್ತೀನಿ. ಬಸ್ಸು ಹತ್ತಿದ ಕೂಡ್ಲೇ ಕಣ್ಣು ಮುಚ್ಕೊಂಡ್ಬಿಡ್ತೀನಿ. ಕುಲುಮೆಗೆ ಕೋಕು, ಅಚ್ಚಿಗೆ ಮರಳು, ಆಳು, ಅದೇ ಯೋಚನೆ."

ನಗುತ್ತ ಹೇಳಿದರು, ನಾನೂ ನಕ್ಕೆ. ಆದರೆ ಅವರು ನೀರಿನಿಂದ ಮೇಲೆ ಬರಲಿಲ್ಲ. ಕೈಗಳನ್ನು ನೀರೊಳಗೆ ಹಾಗೇ ಬಿಟ್ಟುಕೊಂಡು ಆಚೆ ದಡವನ್ನು, ಇಷ್ಟು ವರ್ಷ ದಿನಾ ಕೈ ತೊಳೆಯಲು ಬಂದಿದ್ದ ಹೊಳೆಯ ಆಚೆ ದಡವನ್ನು, ನೋಡುತ್ತಿದ್ದರು. ವಾದ ಮಾಡುವ ಉದ್ದೇಶ ನನಗೆ ಖಂಡಿತ ಇರಲಿಲ್ಲ. ಗೆಲ್ಲುವ ಆಸೆಯೂ ಇರಲಿಲ್ಲ. ತಿಳಿದುಕೊಳ್ಳಬೇಕು ಅಂತಲೇ ಕೇಳಿದೆ:

"ಮಾವ, ಏನೂ ಕೆಲಸ ಇಲ್ದೆ, ಸುಮ್ಮನೆ, ನೀವು ಎಲ್ಲಿಗಾದ್ರೂ ಕಡೇ ಸಲ ಹೋಗಿದ್ದು ಯಾವಾಗ?"